ಕ್ಯಾನ್ಸರ್‌ಗೆ ಮದ್ದು ಸಿಕ್ತು ಅನ್ನೋ ಸುದ್ದಿ ಓದುವ ಮೊದಲು ಸುಬ್ಬರಾವ್ ಕತೆ ಓದಿ

ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು ಅನ್ನೋ ಸುದ್ದಿಯನ್ನು ನೀವು ಇದುವರೆಗೆ ಎಷ್ಟು ಸಲ ಓದಿದ್ದೀರಿ? 2022ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಡೊಸ್ಟಾರ್ಲಿಮಾಬ್ ಎಂಬ ಔಷಧ ಪಡೆದ 12 ಮಂದಿಯ ಗುದನಾಳದ ಕ್ಯಾನ್ಸರ್ ಮಾಯವಾಯಿತು ಎಂದು ಚಾನೆಲ್‌ಗಳು ದಿನವಿಡೀ ಹೇಳಿದವು. 2024ರ ಡಿಸೆಂಬರ್‌ನಲ್ಲಿ ರಷ್ಯಾ ಕ್ಯಾನ್ಸರ್ ಲಸಿಕೆ ತಯಾರಿಸಿದೆ, ಪುಕ್ಕಟೆ ಕೊಡುತ್ತದಂತೆ ಎಂಬ ಫಾರ್ವರ್ಡ್ ಎಲ್ಲರ ಫ್ಯಾಮಿಲಿ ಗ್ರೂಪ್‌ಗೂ ಬಂತು. ನಮ್ಮ ಗ್ರೂಪ್‌ನಲ್ಲಿ ದೊಡ್ಡಮ್ಮ ಕೈಮುಗಿದ ಎಮೋಜಿ ಹಾಕಿದರು. ಕಸಿನ್ ಒಬ್ಬ, ಇವೆಲ್ಲ ಬರೀ ಬೊಗಳೆ, ಮದ್ದು ಯಾವತ್ತೋ ಸಿಕ್ಕಿದೆ, ಫಾರ್ಮಾ ಕಂಪನಿಗಳು ಮುಚ್ಚಿಟ್ಟಿವೆ ಅಂತ ಬರೆದ. ಹೆಚ್ಚುಕಮ್ಮಿ ಇಡೀ ನಾಡು ಈ ಇಬ್ಬರ ನಡುವೆ ಹಂಚಿಹೋಗಿದೆ. ಒಬ್ಬರು ಎಲ್ಲವನ್ನೂ ನಂಬುತ್ತಾರೆ, ಇನ್ನೊಬ್ಬರು ಏನನ್ನೂ ನಂಬುವುದಿಲ್ಲ.

ಇಬ್ಬರಿಗೂ ಒಬ್ಬ ಮನುಷ್ಯನ ಕತೆ ಹೇಳಬೇಕು. ಕ್ಯಾನ್ಸರ್‌ಗೆ ಮದ್ದು ಎಂಬ ಸುದ್ದಿ ಮೊದಲು ಸುಳ್ಳಾಗಿ, ಆಮೇಲೆ ಅರ್ಧ ನಿಜವಾಗಿ, ಕೊನೆಗೆ ಪೂರ್ತಿ ನಿಜವಾದ ದಾರಿಯಲ್ಲಿ ನಡೆದವರು ಅವರು. ಹೆಸರು ಯಲ್ಲಾಪ್ರಗಡ ಸುಬ್ಬರಾವ್.

ಮೂರನೇ ಸಲಕ್ಕೆ ಮೆಟ್ರಿಕ್ ಪಾಸ್

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರೆಸಿಡೆನ್ಸಿಯ ಭೀಮಾವರಂನಲ್ಲಿ. ಇವತ್ತಿನ ಆಂಧ್ರದ ಗೋದಾವರಿ ಸೀಮೆ. ತಂದೆ ಕಂದಾಯ ಇಲಾಖೆಯ ಸಣ್ಣ ನೌಕರ. ಮನೆ ತುಂಬಾ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಹುಡುಗನಿಗೆ ಓದು ಹತ್ತಲಿಲ್ಲ. ಒಮ್ಮೆ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡ್ತೀನಿ ಅಂತ ಮನೆ ಬಿಟ್ಟು ಓಡಿದ, ದಾರಿಯಲ್ಲೇ ಸಿಕ್ಕಿಬಿದ್ದ. ತಾಯಿ ಬಿಡಲಿಲ್ಲ. ಮಗನನ್ನು ಹಿಡಿದು ಮತ್ತೆ ಶಾಲೆಗೆ ಅಟ್ಟಿದರು. ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ, ಮದ್ರಾಸಿನಲ್ಲಿ.

ಪ್ರೆಸಿಡೆನ್ಸಿ ಕಾಲೇಜಿನ ನಂತರ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಅದು ಗಾಂಧಿಯ ಕರೆಗೆ ದೇಶ ಓಗೊಡುತ್ತಿದ್ದ ಕಾಲ. ಸುಬ್ಬರಾವ್ ವಿದೇಶಿ ಬಟ್ಟೆ ಬಿಟ್ಟು ಖಾದಿಯ ಸರ್ಜಿಕಲ್ ಗೌನ್ ತೊಟ್ಟು ಆಪರೇಷನ್ ಥಿಯೇಟರಿಗೆ ಹೋದರು. ಸರ್ಜರಿಯ ಬ್ರಿಟಿಷ್ ಪ್ರೊಫೆಸರ್‌ಗೆ ಇದು ಹಿಡಿಸಲಿಲ್ಲ. ಬರವಣಿಗೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರೂ ಪೂರ್ಣ ಎಂಬಿಬಿಎಸ್ ಪದವಿ ಸಿಗಲಿಲ್ಲ, ಅದಕ್ಕಿಂತ ಕೆಳದರ್ಜೆಯ ಎಲ್‌ಎಂಎಸ್ ಸರ್ಟಿಫಿಕೇಟ್ ಕೈಗೆ ಬಂತು. ಒಂದು ಖಾದಿ ಬಟ್ಟೆಗೆ ತೆತ್ತ ಬೆಲೆ ಅದು. ಮದ್ರಾಸ್ ಮೆಡಿಕಲ್ ಸರ್ವಿಸ್‌ನಲ್ಲೂ ಜಾಗ ಸಿಗದೆ ಅಲ್ಲಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿಕೊಂಡರು.

ಈ ನಡುವೆ ಮನೆಯಲ್ಲಿ ಇನ್ನೊಂದು ಪೆಟ್ಟು ಬಿದ್ದಿತ್ತು. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಗೆ ಬಲಿಯಾದರು. ಉಷ್ಣವಲಯದ ಕಾಯಿಲೆ ಇದು. ಕರುಳು ತಿಂದ ಅನ್ನದ ಸಾರ ಹೀರುವುದನ್ನೇ ನಿಲ್ಲಿಸುತ್ತದೆ, ಭೇದಿ ನಿಲ್ಲುವುದಿಲ್ಲ, ರಕ್ತ ತೆಳುವಾಗುತ್ತದೆ, ಮನುಷ್ಯ ಬಡಕಲಾಗಿ ಸಾಯುತ್ತಾನೆ. ಆಗ ಅದಕ್ಕೆ ಮದ್ದಿರಲಿಲ್ಲ. ಈ ಕಾಯಿಲೆಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಬೋಸ್ಟನ್‌ನ ರಾತ್ರಿ ಪಾಳಿ

1922ರಲ್ಲಿ ಮಾವನ ಹಣ ಮತ್ತು ಒಂದು ಧರ್ಮಸಂಸ್ಥೆಯ ನೆರವಿನಿಂದ ಸುಬ್ಬರಾವ್ ಹಾರ್ವರ್ಡ್‌ಗೆ ಹೋದರು. ಊರಲ್ಲಿ ಹೆಂಡತಿ ಶೇಷಗಿರಿ ಇದ್ದರು. ಕೆಲವು ವರ್ಷದಲ್ಲಿ ವಾಪಸ್ ಬರುವ ಯೋಚನೆಯಲ್ಲಿ ಹೊರಟವರು ಮತ್ತೆ ಬರಲೇ ಇಲ್ಲ. ಹುಟ್ಟಿದ ಮಗ ಹಸುಗೂಸಾಗಿದ್ದಾಗಲೇ ತೀರಿಕೊಂಡ, ತಂದೆ ಅವನ ಮುಖ ನೋಡಲಿಲ್ಲ. ಮಹಾನುಭಾವರ ಜೀವನಚರಿತ್ರೆಗಳಲ್ಲಿ ಇಂಥ ವಿಷಯಗಳನ್ನು ಒಂದು ಸಾಲಲ್ಲಿ ದಾಟಿಬಿಡುತ್ತೇವೆ. ಆದರೆ ಇಪ್ಪತ್ತಾರು ವರ್ಷ ಕಾದ ಆ ಹೆಣ್ಣುಮಗಳ ಲೆಕ್ಕವೂ ಈ ಕತೆಯ ಖರ್ಚಿನಲ್ಲೇ ಸೇರಬೇಕು.

ಬೋಸ್ಟನ್‌ನಲ್ಲಿ ಅವರ ಸರ್ಟಿಫಿಕೇಟ್‌ಗೆ ಬೆಲೆ ಇರಲಿಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಪೋರ್ಟರ್ ಆದರು. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸವೂ ಅದರಲ್ಲಿತ್ತು. ಹಗಲು ಸೈರಸ್ ಫಿಸ್ಕ್ ಎಂಬ ಪ್ರೊಫೆಸರ್ ಜೊತೆ ಲ್ಯಾಬ್. 1925ರಲ್ಲಿ ಇಬ್ಬರೂ ಸೇರಿ ರಕ್ತ ಮತ್ತು ಮೂತ್ರದಲ್ಲಿರುವ ರಂಜಕವನ್ನು ಬಣ್ಣದ ಮೂಲಕ ಅಳೆಯುವ ಸರಳ ವಿಧಾನ ಪ್ರಕಟಿಸಿದರು. ಫಿಸ್ಕ್-ಸುಬ್ಬರಾವ್ ವಿಧಾನ ಎಂದು ಅದು ದಶಕಗಳ ಕಾಲ ಜಗತ್ತಿನ ಲ್ಯಾಬ್‌ಗಳಲ್ಲಿ ಬಳಕೆಯಲ್ಲಿತ್ತು. 1927ರಲ್ಲಿ ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತು ಕಂಡರು. 1929ರಲ್ಲಿ ಎಟಿಪಿ. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಅದನ್ನು ಕಂಡುಹಿಡಿದರು. ಪಿಯುಸಿ ಬಯಾಲಜಿಯಲ್ಲಿ ಜೀವಕೋಶದ ಶಕ್ತಿಯ ಕರೆನ್ಸಿ ಅಂತ ಬಾಯಿಪಾಠ ಮಾಡಿದ್ದೀರಲ್ಲ, ಅದೇ ಎಟಿಪಿ. ಸುಬ್ಬರಾವ್ ಹೆಸರು ಆ ಪಾಠದಲ್ಲಿ ಇದ್ದ ನೆನಪು ನನಗಂತೂ ಇಲ್ಲ.

ಇಷ್ಟೆಲ್ಲ ಮಾಡಿದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತ್ತು. ಅವರು ಅಲ್ಲಿ ಬದುಕಿನ ಬಹುಪಾಲು ಕಳೆದದ್ದು ಪರದೇಶಿಯಾಗಿಯೇ. 1946ರ ಕಾಯ್ದೆ ದಾರಿ ತೆರೆದ ಮೇಲೂ ಪೌರತ್ವ ಪಡೆಯಲಿಲ್ಲ. ಜೊತೆಗೆ ಲ್ಯಾಬ್ ಒಳಗಿನ ರಾಜಕೀಯ ಬೇರೆ. ಅಲ್ಲೇ ವಿದ್ಯಾರ್ಥಿಯಾಗಿದ್ದು ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಇದನ್ನು ನೆನಪಿಸಿಕೊಂಡಿದ್ದಾರೆ. ಫಿಸ್ಕ್‌ರ ಅಸೂಯೆಯಿಂದಾಗಿ ಸುಬ್ಬರಾವ್ ಮಾಡಿದ ಕೆಲವು ಕೆಲಸ ಬೆಳಕಿಗೇ ಬರದೆ, ಬೇರೆಯವರು ವರ್ಷಗಳ ನಂತರ ಮತ್ತೆ ಕಂಡುಹಿಡಿಯಬೇಕಾಯಿತು ಎಂಬುದು ಅವರ ಅಭಿಪ್ರಾಯ.

1940ರಲ್ಲಿ ಸುಬ್ಬರಾವ್ ವಿಶ್ವವಿದ್ಯಾಲಯ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿ ಸೇರಿದರು, ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಹೌದು, ಫಾರ್ಮಾ ಕಂಪನಿ. ನನ್ನ ಕಸಿನ್ ಇದನ್ನು ಗಮನಿಸಬೇಕು.

ತಪ್ಪಾದ ಸುದ್ದಿಯಿಂದ ಸಿಕ್ಕ ಸುಳಿವು

ಈಗ ಸ್ವಲ್ಪ ಹಿಂದಕ್ಕೆ, ಮುಂಬೈಗೆ ಹೋಗೋಣ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಜವಳಿ ಗಿರಣಿಗಳ ಗರ್ಭಿಣಿ ಕೆಲಸಗಾರರಲ್ಲಿ ಕಾಣುತ್ತಿದ್ದ ಭೀಕರ ರಕ್ತಹೀನತೆಯನ್ನು ಅಧ್ಯಯನ ಮಾಡುತ್ತಿದ್ದರು. ಯೀಸ್ಟ್‌ನಿಂದ ಮಾಡಿದ ಅಗ್ಗದ ಮಾರ್ಮೈಟ್ ಕೊಟ್ಟರೆ ರಕ್ತ ಸುಧಾರಿಸುತ್ತದೆ ಎಂದು ಕಂಡುಕೊಂಡರು. ಅದರೊಳಗೆ ಇರುವುದು ಏನು ಎಂಬುದು ಗೊತ್ತಿರಲಿಲ್ಲ. ಅದು ಫೋಲಿಕ್ ಆಸಿಡ್ ಎಂದು ತಿಳಿಯಲು ಒಂದು ದಶಕಕ್ಕೂ ಹೆಚ್ಚು ಹಿಡಿಯಿತು. ಅದನ್ನು ಲ್ಯಾಬ್‌ನಲ್ಲಿ ತಯಾರಿಸಿ ರಚನೆ ಬಿಡಿಸಿದ್ದು 1945ರ ಹೊತ್ತಿಗೆ ಸುಬ್ಬರಾವ್ ತಂಡ. ಅವರ ಸಹೋದರರನ್ನು ಕೊಂದ ಸ್ಪ್ರೂ ಕಾಯಿಲೆಗೂ ಇದೇ ಫೋಲಿಕ್ ಆಸಿಡ್ ಕೆಲಸಕ್ಕೆ ಬಂತು. ಕಾಲು ಶತಮಾನ ತಡವಾಗಿ.

ಅಷ್ಟರಲ್ಲೇ ಸುದ್ದಿಯೊಂದು ಹಬ್ಬಿತ್ತು. ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಆಸ್ಪತ್ರೆಯ ಸಂಶೋಧಕರು ಫೋಲಿಕ್ ಆಸಿಡ್ ಬಗೆಯ ವಸ್ತು ಕೊಟ್ಟಾಗ ಇಲಿಗಳ ಗೆಡ್ಡೆ ಕುಗ್ಗಿತು ಎಂದು ವರದಿ ಮಾಡಿದ್ದರು. ಹಾಗಾದರೆ ವಿಟಮಿನ್ ಕೊಟ್ಟು ಕ್ಯಾನ್ಸರ್ ವಾಸಿ ಮಾಡಬಹುದಾ?

ಬೋಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ಪೆಥಾಲಜಿಸ್ಟ್ ಇದ್ದರು. ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೇಮಿಯಾದಿಂದ ಸತ್ತ ಮಕ್ಕಳ ಪೋಸ್ಟ್‌ಮಾರ್ಟಂ ಮಾಡುವುದೂ ಅವರ ಪಾಲಿನ ಕೆಲಸ. ತೀವ್ರ ಲ್ಯುಕೇಮಿಯಾ ಬಂದ ಮಗು ಆಗ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬದುಕುತ್ತಿತ್ತು. ಇಲಿಗಳ ಫಲಿತಾಂಶ ನಂಬಿ ಫಾರ್ಬರ್ ಕೆಲವು ಮಕ್ಕಳಿಗೆ ಫೋಲಿಕ್ ಆಸಿಡ್ ಸಂಯುಕ್ತ ಕೊಟ್ಟು ನೋಡಿದರು. ಅದನ್ನು ಒದಗಿಸಿದ್ದು ಸುಬ್ಬರಾವ್ ಲ್ಯಾಬ್. ಫಲಿತಾಂಶ ಉಲ್ಟಾ ಹೊಡೆಯಿತು. ಕಾಯಿಲೆ ಕಮ್ಮಿಯಾಗುವ ಬದಲು ಅಸ್ಥಿಮಜ್ಜೆಯಲ್ಲಿ ಇನ್ನಷ್ಟು ವೇಗವಾಗಿ ಬೆಳೆದ ಹಾಗೆ ಕಂಡಿತು.

ಇಲ್ಲಿ ನಿಂತು ಯೋಚಿಸಿ. ಇಲಿಗಳಲ್ಲಿ ಗೆದ್ದ ಮದ್ದು ಮಕ್ಕಳಲ್ಲಿ ಬೆಂಕಿಗೆ ತುಪ್ಪ ಸುರಿದಂತಾಯಿತು. ಆ ಇಲಿ ಸುದ್ದಿ ಇವತ್ತಿನ ಕಾಲದಲ್ಲಿ ಬಂದಿದ್ದರೆ, ಅರಿಶಿನ, ಲಕ್ಷ್ಮಣ ಫಲದ ಹಾಗೆ, ಪಾಲಕ್ ಸೊಪ್ಪಿನಿಂದ ಕ್ಯಾನ್ಸರ್ ಮಾಯ ಎಂಬ ಫಾರ್ವರ್ಡ್ ಬರುತ್ತಿತ್ತು. ಸಂಶಯಪಡುವವರ ಮಾತಿನಲ್ಲಿ ಅರ್ಥವಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಆದರೆ ಫಾರ್ಬರ್ ಆ ಸೋಲನ್ನೇ ಸುಳಿವು ಮಾಡಿಕೊಂಡರು. ಫೋಲಿಕ್ ಆಸಿಡ್ ಕೊಟ್ಟರೆ ಕಾಯಿಲೆ ಬೆಳೆಯುತ್ತದೆ ಅಂದರೆ, ಅದನ್ನು ತಡೆದರೆ? ಸುಬ್ಬರಾವ್ ತಂಡದ ಬಳಿ ಅದಕ್ಕೆ ಉತ್ತರವಿತ್ತು. ಫೋಲಿಕ್ ಆಸಿಡ್ ತಯಾರಿಸುವ ದಾರಿಯಲ್ಲೇ ಅದನ್ನು ಹೋಲುವ, ಆದರೆ ಅದರ ಕೆಲಸ ಮಾಡದ ಅಣುಗಳನ್ನು ಅವರ ಕೆಮಿಸ್ಟ್‌ಗಳು ತಯಾರಿಸಿದ್ದರು. ಕೋಶ ಒಂದು ಎರಡಾಗಬೇಕಾದರೆ ಹೊಸ ಡಿಎನ್‌ಎ ಬೇಕು, ಡಿಎನ್‌ಎ ಕಟ್ಟಲು ಫೋಲಿಕ್ ಆಸಿಡ್ ಬೇಕು. ಈ ನಕಲಿ ಅಣು ಬೀಗದೊಳಗೆ ಹೋಗುವ ಆದರೆ ತಿರುಗದ ಕೀಲಿಕೈ ಇದ್ದಂತೆ. ಬೀಗ ಜಾಮ್ ಆಗುತ್ತದೆ, ಅಸಲಿ ಕೀಲಿಗೆ ಜಾಗ ಇರುವುದಿಲ್ಲ. ಎಡೆಬಿಡದೆ ವಿಭಜನೆಯಾಗುವ ಕ್ಯಾನ್ಸರ್ ಕೋಶಕ್ಕೆ ಇದರ ಪೆಟ್ಟು ಜೋರು. ಕರುಳು, ಬಾಯಿಯ ಒಳಪದರದಂಥ ಬೇಗ ಬೆಳೆಯುವ ಒಳ್ಳೆಯ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಕೀಮೋ ಪಡೆದವರ ಬಾಯಿ ಹುಣ್ಣಾಗುವುದು ಅದಕ್ಕೇ.

ಶೀರ್ಷಿಕೆಯ ಮೊದಲ ಪದ

ಹೀಗೆ ತಯಾರಾದ ಅಮಿನಾಪ್ಟೆರಿನ್ 1947ರ ಡಿಸೆಂಬರ್ ಕೊನೆಯಲ್ಲಿ ಮೊದಲ ಮಗುವಿನ ಮೈಗೆ ಇಳಿಯಿತು. ಆಸ್ಪತ್ರೆಯ ಅನೇಕ ವೈದ್ಯರಿಗೆ ಫಾರ್ಬರ್ ಮಾಡುತ್ತಿರುವುದು ಕ್ರೌರ್ಯ ಎನಿಸಿತ್ತು. ಹೇಗೂ ಸಾಯುವ ಮಗುವಿಗೆ ಸೂಜಿ ಚುಚ್ಚಿ, ವಿಷ ಕೊಟ್ಟು ಯಾಕೆ ಹಿಂಸೆ, ನೆಮ್ಮದಿಯಾಗಿ ಹೋಗಲಿ ಬಿಡಿ ಎಂಬುದು ಅವರ ನಿಲುವು. ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಫೋಲಿಕ್ ಆಸಿಡ್ ಕೊಟ್ಟಾಗ ಏನಾಯಿತು ಎಂದು ಅವರು ಕಣ್ಣಾರೆ ಕಂಡಿದ್ದರು. ಮಕ್ಕಳ ಮೇಲಿನ ಪ್ರಯೋಗಕ್ಕೆ ಇವತ್ತಿನಂಥ ನೀತಿ ಸಮಿತಿ, ಒಪ್ಪಿಗೆ ಪತ್ರದ ಕಟ್ಟುಪಾಡು ಆಗ ಇರಲಿಲ್ಲ.

ಕೆಲವೇ ವಾರಗಳಲ್ಲಿ ಆ ಮಕ್ಕಳಲ್ಲಿ ಕೆಲವರ ಊದಿದ ಹೊಟ್ಟೆ ಇಳಿಯಿತು. ಹಾಸಿಗೆ ಹಿಡಿದವರು ಎದ್ದು ಆಡಿದರು. 1948ರ ಜೂನ್ 3ರಂದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧ ಪಡೆದ 16 ಮಕ್ಕಳಲ್ಲಿ 10 ಮಂದಿಯಲ್ಲಿ ಸುಧಾರಣೆ. ಲೇಖಕರ ಪಟ್ಟಿಯಲ್ಲಿ ಸುಬ್ಬರಾವ್ ಹೆಸರಿರಲಿಲ್ಲ.

ಆ ಪ್ರಬಂಧದ ಶೀರ್ಷಿಕೆಯ ಮೊದಲ ಪದ, ತಾತ್ಕಾಲಿಕ. ಮಕ್ಕಳ ಲ್ಯುಕೇಮಿಯಾವನ್ನು ಔಷಧವೊಂದು ಹೀಗೆ ಹಿಂದೆ ಸರಿಸಿದ್ದನ್ನು ಅದಕ್ಕೆ ಮೊದಲು ಯಾರೂ ತೋರಿಸಿರಲಿಲ್ಲ. ಆದರೂ ಮದ್ದು ಸಿಕ್ಕಿತು ಎಂದು ಆ ಪ್ರಬಂಧ ಹೇಳಲಿಲ್ಲ. ಸುಧಾರಣೆ ಬಂದಿದೆ, ಅದು ಉಳಿಯುವುದಿಲ್ಲ ಎಂದಿತು. ಹಾಗೇ ಆಯಿತು. ಕಾಯಿಲೆ ಕೆಲವು ತಿಂಗಳಲ್ಲಿ ಮರಳಿತು, ಆ ಮಕ್ಕಳು ಉಳಿಯಲಿಲ್ಲ. ವೈದ್ಯಲೋಕದ ಬಹಳಷ್ಟು ಜನ ಈ ಫಲಿತಾಂಶವನ್ನು ನಂಬಲಿಲ್ಲ, ನಂಬಿದವರಲ್ಲೂ ಕೆಲವರು ನಾಲ್ಕು ತಿಂಗಳ ಬದುಕಿಗೆ ಇಷ್ಟು ಪಾಡು ಬೇಕಿತ್ತಾ ಎಂದರು.

ಎರಡು ತಿಂಗಳ ನಂತರ, 1948ರ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಸ್ವತಂತ್ರ ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ತಮ್ಮ ಮದ್ದು ಒಂದು ಮಗುವನ್ನಾದರೂ ಪೂರ್ತಿ ವಾಸಿ ಮಾಡಿದ್ದನ್ನೂ ನೋಡಲಿಲ್ಲ. ಅವತ್ತಿನ ಲೆಕ್ಕದಲ್ಲಿ ಅವರ ಕ್ಯಾನ್ಸರ್ ಕೆಲಸ ಒಂದು ಅರ್ಧ ಸೋಲು.

ಅವರು ಸತ್ತ ಮೇಲೆ

ಅಮಿನಾಪ್ಟೆರಿನ್ ಜಾಗಕ್ಕೆ ಅದೇ ತಂಡ ತಯಾರಿಸಿದ, ಸ್ವಲ್ಪ ಕಡಿಮೆ ವಿಷದ ಮೆಥೋಟ್ರೆಕ್ಸೇಟ್ ಬಂತು. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಜ್ ಅದನ್ನು ಗರ್ಭದ ಮಾಸಿನ ಅಂಗಾಂಶದಿಂದ ಹುಟ್ಟುವ ಕೊರಿಯೋಕಾರ್ಸಿನೋಮಾಗೆ ಕೊಟ್ಟರು. ಎಕ್ಸ್‌ರೇಯಲ್ಲಿ ಗೆಡ್ಡೆ ಕಾಣದಾದ ಮೇಲೂ, ರಕ್ತಪರೀಕ್ಷೆಯಲ್ಲಿ ಹಾರ್ಮೋನ್ ಗುರುತು ಪೂರ್ತಿ ಅಳಿಯುವವರೆಗೆ ಲಿ ಔಷಧ ನಿಲ್ಲಿಸಲಿಲ್ಲ. ಸುಮ್ಮನೆ ರೋಗಿಗಳಿಗೆ ವಿಷ ಉಣಿಸುತ್ತಿದ್ದಾರೆ ಎಂದು ಅವರನ್ನು ಕೆಲಸದಿಂದ ತೆಗೆದರು. ಕಾಲ ಕಳೆದಾಗ ಗೊತ್ತಾಗಿದ್ದು, ಅವರು ಹೇಳಿದಷ್ಟು ದಿನ ಔಷಧ ಪಡೆದವರಲ್ಲಿ ಕಾಯಿಲೆ ಮರಳಲಿಲ್ಲ. ಔಷಧದಿಂದಲೇ ಗೆಡ್ಡೆಯ ಕ್ಯಾನ್ಸರ್ ವಾಸಿಯಾದ ಮೊದಲ ಉದಾಹರಣೆ ಅದು.

ಲ್ಯುಕೇಮಿಯಾದಲ್ಲಿ ಇನ್ನೂ ನಿಧಾನ. 1960ರ ದಶಕದಲ್ಲಿ ಮೆಥೋಟ್ರೆಕ್ಸೇಟ್ ಜೊತೆ ಇನ್ನೂ ಮೂರು ಔಷಧ ಸೇರಿಸಿ ಒಟ್ಟಿಗೆ ಕೊಡಲು ಶುರುಮಾಡಿದರು. ಅದರಲ್ಲೊಂದು 6-ಮರ್ಕ್ಯಾಪ್ಟೋಪ್ಯೂರಿನ್, ಅದೇ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ತಯಾರಿಸಿದ್ದು. ರಕ್ತದಿಂದ ಓಡಿಸಿದ ಕಾಯಿಲೆ ಮಿದುಳಿನಲ್ಲಿ ಅವಿತು ಮರಳುತ್ತಿದೆ ಎಂದು ತಿಳಿಯಿತು, ಬೆನ್ನುಹುರಿಯ ದ್ರವಕ್ಕೇ ಔಷಧ ಚುಚ್ಚಿದರು. 1970ರ ಸುಮಾರಿಗೆ ಒಳ್ಳೆಯ ಕೇಂದ್ರಗಳಲ್ಲಿ ಅರ್ಧದಷ್ಟು ಮಕ್ಕಳು ಉಳಿದರು. ಇವತ್ತು ಮಕ್ಕಳಲ್ಲಿ ಅತಿಹೆಚ್ಚು ಕಾಣುವ ಬಗೆಯ ಲ್ಯುಕೇಮಿಯಾದಲ್ಲಿ ಶ್ರೀಮಂತ ದೇಶಗಳ ಸುಮಾರು ಶೇ. 90ರಷ್ಟು ಮಕ್ಕಳು ಬದುಕುತ್ತಾರೆ. ಮೆಥೋಟ್ರೆಕ್ಸೇಟ್ ಇವತ್ತಿಗೂ ಆ ಚಿಕಿತ್ಸೆಯ ಭಾಗ. ಸುದ್ದಿ ಮತ್ತು ಈ ಫಲದ ನಡುವೆ ಎಷ್ಟೋ ದಶಕ ಕಳೆದವು. ಇಂಜಿನಿಯರಿಂಗ್ ಓದಿದವರಿಗೆ ಇದು ಅರ್ಥವಾಗುತ್ತದೆ. ಲ್ಯಾಬ್ ಟೇಬಲ್ ಮೇಲೆ ಒಂದು ಸಲ ದೀಪ ಹೊತ್ತಿದ್ದಕ್ಕೂ ಊರಿಗೆಲ್ಲ ಕರೆಂಟ್ ಬರೋದಕ್ಕೂ ಬಹಳ ದೂರ.

1948ರ ಮೇ ತಿಂಗಳಲ್ಲಿ ಫಾರ್ಬರ್ ಆಸ್ಪತ್ರೆಯ ಒಬ್ಬ ಹುಡುಗನನ್ನು ಜಿಮ್ಮಿ ಎಂಬ ಸುಳ್ಳು ಹೆಸರಿನಲ್ಲಿ ರೇಡಿಯೋದಲ್ಲಿ ಮಾತಾಡಿಸಿದ್ದರು. ಅವನಿಗಿದ್ದದ್ದು ಲ್ಯುಕೇಮಿಯಾ ಅಲ್ಲ, ಹೊಟ್ಟೆಯಲ್ಲಿ ಬೆಳೆದ ಲಿಂಫೋಮಾ. ಅಮೆರಿಕನ್ನರು ಎರಡು ಲಕ್ಷ ಡಾಲರ್‌ಗೂ ಹೆಚ್ಚು ದೇಣಿಗೆ ಕಳಿಸಿದರು. ದುಡ್ಡು ಕೊಟ್ಟವರಲ್ಲೂ ಹೆಚ್ಚಿನವರು ಆ ಹುಡುಗ ಯಾವತ್ತೋ ಸತ್ತಿರಬೇಕು ಅಂದುಕೊಂಡಿದ್ದರು. 1998ರಲ್ಲಿ ಅವನು ಪ್ರತ್ಯಕ್ಷನಾದ. ಮೇನ್ ರಾಜ್ಯದಲ್ಲಿ ಟ್ರಕ್ ಓಡಿಸಿಕೊಂಡು, ಮಕ್ಕಳು ಮೊಮ್ಮಕ್ಕಳ ಜೊತೆ ಆರಾಮಾಗಿದ್ದ. ಕ್ಯಾನ್ಸರ್ ಗೆದ್ದ ಸುದ್ದಿ ಎಷ್ಟು ಸುಲಭವಾಗಿ ಹಬ್ಬುತ್ತದೋ, ನಿಜವಾಗಿ ಗೆದ್ದವರನ್ನು ನಂಬುವುದು ನಮಗೆ ಅಷ್ಟೇ ಕಷ್ಟ.

ಹಾಗಾದರೆ ಏನು ಕೇಳಬೇಕು?

ಕಸಿನ್‌ಗೆ ಮೊದಲು ಉತ್ತರಿಸುತ್ತೇನೆ. ಮೆಥೋಟ್ರೆಕ್ಸೇಟ್ ಹುಟ್ಟಿದ್ದು ಕಂಪನಿಯಲ್ಲಿ. ಯಾರೂ ಮುಚ್ಚಿಡಲಿಲ್ಲ. ಪೇಟೆಂಟ್ ಮುಗಿದು ದಶಕಗಳಾಗಿವೆ, ಅಗ್ಗದ ಜೆನೆರಿಕ್ ಆಗಿ ಸಿಗುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ನಮ್ಮ ದೇಶದ ಪಟ್ಟಿಯಲ್ಲೂ ಇದೆ. ಸಂಧಿವಾತದ ರೋಗಿಗಳೂ ವಾರಕ್ಕೊಮ್ಮೆ ನುಂಗುತ್ತಾರೆ. ಕಂಪನಿಗಳನ್ನು ಅನುಮಾನಿಸಲು ಕಾರಣ ಬೇರೆ ಇದೆ. 2012ರಲ್ಲಿ ಅಮೆರಿಕದಂಥ ಅಮೆರಿಕದಲ್ಲೇ ಮಕ್ಕಳ ಬೆನ್ನುಹುರಿಗೆ ಚುಚ್ಚುವ ಮೆಥೋಟ್ರೆಕ್ಸೇಟ್ ಖಾಲಿಯಾಗುವ ಸ್ಥಿತಿ ಬಂತು, ಒಂದು ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ್ದಕ್ಕೆ. ಲಾಭ ಕಡಿಮೆ ಇರುವ ಹಳೆಯ ಔಷಧವನ್ನು ಬಚ್ಚಿಡಬೇಕಿಲ್ಲ, ತಯಾರಿಸದೆ ಬಿಟ್ಟರೆ ಸಾಕು. ಪಿತೂರಿಯ ಕತೆಗಿಂತ ಇದು ನೀರಸ, ಆದರೆ ಮಕ್ಕಳ ಜೀವಕ್ಕೆ ಇದೇ ಹೆಚ್ಚು ಅಪಾಯ.

ದೊಡ್ಡಮ್ಮನಿಗೆ ಹೇಳುವುದು ಬೇರೆ. ಡೊಸ್ಟಾರ್ಲಿಮಾಬ್ ಸುದ್ದಿ ಸುಳ್ಳಲ್ಲ. 12 ಜನರಲ್ಲಿ ಕಂಡದ್ದು 2025ರ ಹೊತ್ತಿಗೆ ಗುದನಾಳದ ಕ್ಯಾನ್ಸರ್‌ನ 49 ರೋಗಿಗಳಲ್ಲೂ ಕಂಡಿತು. ಆದರೆ ಅವರೆಲ್ಲರ ಗೆಡ್ಡೆಯಲ್ಲೂ ಒಂದು ನಿರ್ದಿಷ್ಟ ಜೆನೆಟಿಕ್ ದೋಷವಿತ್ತು, ಆ ಕ್ಯಾನ್ಸರ್ ಬಂದವರಲ್ಲಿ ಸಣ್ಣ ಪಾಲಿಗೆ ಮಾತ್ರ ಇರುವ ದೋಷ ಅದು. ರಷ್ಯಾದ ಲಸಿಕೆಯ ಸುದ್ದಿ ಹಬ್ಬಿದಾಗ ಮನುಷ್ಯರ ಮೇಲಿನ ಫಲಿತಾಂಶವೇ ಪ್ರಕಟವಾಗಿರಲಿಲ್ಲ. ಎರಡೂ ಸುದ್ದಿಯ ಹೆಡ್‌ಲೈನ್ ಒಂದೇ ಥರ ಇತ್ತು. ಫಾರ್ಬರ್ ಪ್ರಬಂಧದ ಮೊದಲ ಪದದಂಥ ಒಂದು ಪದ ಎರಡರಲ್ಲೂ ಕಾಣೆಯಾಗಿತ್ತು. ಎಷ್ಟು ಜನ, ಯಾವ ಕ್ಯಾನ್ಸರ್, ಇಲಿಯೋ ಮನುಷ್ಯರೋ, ಎಷ್ಟು ತಿಂಗಳು ಕಾದು ನೋಡಿದರು? ಇಷ್ಟು ಕೇಳಿದರೆ ಅರ್ಧ ಸುದ್ದಿಗಳು ಅಲ್ಲೇ ಬಿದ್ದುಹೋಗುತ್ತವೆ, ಉಳಿದ ಅರ್ಧವನ್ನು ಗೌರವದಿಂದ ಓದಬಹುದು.

ರಾಜಕೀಯದ ಬಗ್ಗೆ ಆಸಕ್ತಿ ಇರುವ ನಮ್ಮಂಥವರು ಇನ್ನೊಂದು ಪ್ರಶ್ನೆ ಸೇರಿಸಬೇಕು. ಏಳೆಂಟು ದಶಕದ ಹಿಂದೆಯೇ ಸಿಕ್ಕ ಮದ್ದು ಇವತ್ತು ಯಾರಿಗೆ ತಲುಪಿದೆ? ಶೇ. 90 ಎಂಬ ಆ ಸಂಖ್ಯೆ ಭಾರತದ್ದಲ್ಲ. ನಮ್ಮಲ್ಲಿ ಮಗುವಿನ ಜ್ವರ, ಸುಸ್ತು ಲ್ಯುಕೇಮಿಯಾ ಎಂದು ಗೊತ್ತಾಗುವುದು ತಡ. ಊರಿಂದ ಬೆಂಗಳೂರಿನ ಕಿದ್ವಾಯಿಗೆ ಬರುವ ಬಸ್ ಚಾರ್ಜು, ಉಳಿಯುವ ಜಾಗ, ಕಳೆದುಕೊಳ್ಳುವ ಕೂಲಿ, ನಡುವೆ ಹತ್ತುವ ಸೋಂಕು, ಇವು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುತ್ತವೆ. ಹೊಸ ಮದ್ದಿನ ಸುದ್ದಿಗೆ ನಾವು ಕೊಡುವ ಗಮನದ ಕಾಲು ಭಾಗ ಇದಕ್ಕೆ ಕೊಟ್ಟರೂ ಸಾಕು.

ಸುಬ್ಬರಾವ್‌ಗೆ ನೊಬೆಲ್ ಬರಲಿಲ್ಲ. 1995ರಲ್ಲಿ ಶತಮಾನೋತ್ಸವಕ್ಕೆ ಭಾರತ ಸರ್ಕಾರ ಒಂದು ಅಂಚೆಚೀಟಿ ತಂದಿತು. ಆದರೆ ಅವರು ನಮ್ಮ ಮನೆಗಳಿಗೆ ಬೇರೆ ದಾರಿಯಲ್ಲಿ ಬಂದಿದ್ದಾರೆ. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಇದೆ. ಕಲಬುರಗಿ, ಬೀದರ್, ರಾಯಚೂರು ಕಡೆ, ಕರಾವಳಿಯಲ್ಲಿ ಆನೆಕಾಲು ರೋಗ ತಡೆಯಲು ಮನೆಮನೆಗೆ ಬಂದು ಎದುರಲ್ಲೇ ನುಂಗಿಸಿದ ಡಿಇಸಿ ಮಾತ್ರೆ ಇದೆಯಲ್ಲ, ಅದನ್ನು ಔಷಧವಾಗಿ ತಂದದ್ದೂ 1947ರಲ್ಲಿ ಅವರ ಲ್ಯಾಬೇ. ಆ ಮಾತ್ರೆಯನ್ನು ಅನುಮಾನದಿಂದ ಕಿಟಕಿಯಾಚೆ ಎಸೆದವರು ಎಷ್ಟೋ ಜನ. ಅದೇ ಕೈಗಳು ಲಕ್ಷ್ಮಣ ಫಲದ ಫಾರ್ವರ್ಡನ್ನು ಹತ್ತು ಗ್ರೂಪ್‌ಗೆ ಕಳಿಸಿದವು.